ಏಳರ ಮುಂದೆ ಎಡವಿದ ಸಂಖ್ಯೆ

ಬೆಳಿಗ್ಗೆಯಿಂದ ಒಂದೇ ಸಂಖ್ಯೆಯ ಹಿಂದೆ ಬಿದ್ದಿದ್ದೇನೆ: 3816547290.

ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೂ ಅಂಕಿಗಳು ಒಂದೊಂದೇ ಸಲ ಬಂದಿವೆ. ಎಡದಿಂದ ಮೊದಲ ಎರಡು ಅಂಕಿ, ಅಂದರೆ 38, ಎರಡರಿಂದ ಭಾಗವಾಗುತ್ತದೆ. 381 ಮೂರರಿಂದ. 3816 ನಾಲ್ಕರಿಂದ. ಹೀಗೆಯೇ ಹತ್ತರವರೆಗೆ! ಇಂಥದ್ದು ಇದೊಂದೇ, ಎರಡನೆಯದಿಲ್ಲ.

ನಂಬಿಕೆ ಬರದೆ ಪೆನ್ನು ಹಿಡಿದು ಕುಳಿತೆ. ಕೊನೆಯಲ್ಲಿ ಸೊನ್ನೆ ಇರಲೇಬೇಕು, ಹಾಗಾಗಿ ಐದನೆಯ ಜಾಗ 5ಕ್ಕೇ ಮೀಸಲು. ಸಮಸಂಖ್ಯೆಗಳೆಲ್ಲ ಸಮ ಸ್ಥಾನಗಳಲ್ಲೇ ಕೂರಬೇಕು. ಇಲ್ಲಿಯವರೆಗೆ ಸುಲಭ.

ತಂಟೆಯೆಲ್ಲ ಏಳರದು.

9876543210 ಇದೆಯಲ್ಲ, ಮಕ್ಕಳು ಹಿಂದುಮುಂದಾಗಿ ಎಣಿಸುವಂಥದ್ದು, ಅದೂ ಹೆಚ್ಚುಕಡಿಮೆ ಗೆದ್ದೇಬಿಡುತ್ತದೆ. ಎರಡು, ಮೂರು, ನಾಲ್ಕು, ಐದು, ಆರು ದಾಟುತ್ತದೆ. ಎಂಟು, ಒಂಬತ್ತು, ಹತ್ತನ್ನೂ ದಾಟುತ್ತದೆ. ಆದರೆ 9876543ನ್ನು ಏಳರಿಂದ ಭಾಗಿಸಿದರೆ 5 ಉಳಿಯುತ್ತದೆ. ಅಷ್ಟು ಚೆಂದವಾಗಿ ಸಾಲಾಗಿ ನಿಂತು, ಒಂದೇ ಒಂದು ಕಡೆ ಎಡವಿತು. ನನಗೇಕೋ ಗೆದ್ದದ್ದಕ್ಕಿಂತ ಇದರ ಮೇಲೆಯೇ ಹೆಚ್ಚು ಮಮತೆ.

ಗೆದ್ದದ್ದನ್ನೂ ಪರೀಕ್ಷಿಸಿದೆನೆನ್ನಿ. 3816547 ಅಂದರೆ ಏಳು ಸಲ 545221. ಶೇಷ ಸೊನ್ನೆ.

ಮಾಡಬೇಕಿದ್ದ ಕೆಲಸ ಹಾಗೆಯೇ ಬಿದ್ದಿದೆ.