ಉಸಂಬರಾ ಬೆಟ್ಟದಲ್ಲಿ ಮೂರು ತಿಂಗಳ ಮೇಷ್ಟ್ರುಗಿರಿ

ಮೊದಲನೇ ದಿನಾನೇ ಲೇಟು, ಅದೂ ಆರು ಗಂಟೆ ಲೇಟು. ಹಿಂದಿನ ಸಂಜೆ ಹೆಡ್‌ಮಾಸ್ಟ್ರು ಅಲ್ಲಿನ ಸ್ವಾಹಿಲಿ ಭಾಷೇಲಿ "ಸಾ ಮೋಜಾ ನಾ ನುಸು" ಅಂದಿದ್ರು, ಮೋಜಾ ಅಂದ್ರೆ ಒಂದು ನುಸು ಅಂದ್ರೆ ಅರ್ಧ ಅಂತ ಫೋನಲ್ಲಿ ನೋಡ್ಕೊಂಡು, ಓಹೋ ಮಧ್ಯಾಹ್ನದ ಶಿಫ್ಟ್ ಇರ್ಬೇಕು ಅನ್ಕೊಂಡು ಒಂದೂವರೆಗೆ ಆರಾಮಾಗಿ ಹೋದ್ರೆ ಚಿಕ್ಕ ಮಕ್ಕಳೆಲ್ಲ ಆಗ್ಲೇ ಮನೆ ಸೇರಿದ್ವು. ತಾಂಜಾನಿಯಾದಲ್ಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲಿಂದ, ನಮ್ಮ ಏಳು ಗಂಟೆ ಅವ್ರಿಗೆ ಒಂದು ಗಂಟೆ. ಭೂಮಧ್ಯರೇಖೆ ಹತ್ರ ಆದ್ರಿಂದ ವರ್ಷಪೂರ್ತಿ ಹೆಚ್ಚುಕಮ್ಮಿ ಆರಕ್ಕೇ ಬೆಳಗಾಗುತ್ತೆ, ಲೆಕ್ಕ ಕೆಡಲ್ಲ. ಪಂಚಾಂಗದ ಘಳಿಗೆ ಲೆಕ್ಕ ಹಾಕ್ತಿದ್ದ ನಮ್ಮಜ್ಜ ಆಗಿದ್ರೆ ಒಂದೇ ದಿನದಲ್ಲಿ ಹೊಂದ್ಕೊಂಡಿರೋರು.

ಊರು ಇರೋದು ಲುಶೊಟೊ ಹತ್ರ, ಉಸಂಬರಾ ಬೆಟ್ಟದಲ್ಲಿ. ದಾರ್ ಎಸ್ ಸಲಾಮ್‌ನಿಂದ ಇಡೀ ದಿನ ಬಸ್ಸು, ಕೊರೊಗ್ವೆ ಸುತ್ತಮುತ್ತ ಬರೀ ಕತ್ತಾಳೆ ತೋಟ, ಮೊಂಬೊದಲ್ಲಿ ಹೆದ್ದಾರಿ ಬಿಟ್ಟು ಘಾಟಿ ಹತ್ತೋಕೆ ಶುರು ಮಾಡಿದ್ರೆ ಮಂಜು, ಬಾಳೆ, ಚಳಿ, ನೇರ ಸಕಲೇಶಪುರದ ಕಡೆಗೆ ಬಂದ ಹಾಗೆ. ಜರ್ಮನ್ನರು ಆಳ್ತಿದ್ದಾಗ ಈ ತಂಪಿಗೇ ಲುಶೊಟೊಗೆ ಬಂದು ಕೂರ್ತಿದ್ರಂತೆ, ಸ್ವಾಹಿಲಿಯಲ್ಲಿ ಶಾಲೆಗೆ 'ಶೂಲೆ' ಅನ್ನೋದೂ ಜರ್ಮನ್ನಿಂದ ಬಂದಿದ್ದೇ. ಹೋಗೋರಿದ್ರೆ ಒಂದು ಮಾತು, ಸಂಬಳ ಇಲ್ದೆ ಪಾಠ ಮಾಡೋಕೂ ಕ್ಲಾಸ್ ಸಿ ಪರ್ಮಿಟ್ ಬೇಕು, ಟೂರಿಸ್ಟ್ ವೀಸಾದಲ್ಲಿ ಮಾಡೋ ಹಾಗಿಲ್ಲ. ನನ್ ಪರ್ಮಿಟ್ ಕಥೆ ಬೇಡ ಬಿಡಿ.

ಕ್ಲಾಸೊಳಗೆ ಕಾಲಿಟ್ರೆ ಮಕ್ಕಳೆಲ್ಲ ಎದ್ದು ಒಂದೇ ಉಸಿರಿಗೆ "ಶಿಕಾಮೊ ಮ್ವಾಲಿಮು!" ನಿಮ್ಮ ಕಾಲು ಹಿಡೀತೀನಿ ಅನ್ನೋ ಮಾತಿಂದ ಬಂದ ನಮಸ್ಕಾರ ಅಂತೆ ಅದು, ನಾವು "ಮರಹಬಾ" ಅನ್ನೋತನಕ ಕೂರಲ್ಲ. ಮ್ವಾಲಿಮು ಅಂದ್ರೆ ಮೇಷ್ಟ್ರು. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರನ್ನ, ಅವ್ರು ತೀರ್ಕೊಂಡು (1999) ಇಷ್ಟು ವರ್ಷ ಆದ್ರೂ, ಜನ ಹಾಗೇ ಕರೆಯೋದು. ಬೋರ್ಡ್ ಮೇಲೆ ನೆಟ್ಟಗೆ ಬರಿಯೋಕೂ ಬಾರದ ನಂಗೂ ಅದೇ ಹೆಸರು.

ಆರನೇ ಕ್ಲಾಸಿಗೆ ಇಂಗ್ಲಿಷು, ನಾಲ್ಕಕ್ಕೆ ಲೆಕ್ಕ. ಒಂದು ಡೆಸ್ಕಿಗೆ ಮೂರು ಮಕ್ಕಳು, ಒಂದೊಂದ್ ಸಲ ನಾಲ್ಕು, ಹುಡುಗೀರ ತಲೇನೂ ನುಣ್ಣಗೆ ಬೋಳು. ಮಾರ್ಚಿಂದ ಮಳೆ ಹಿಡೀತು, ತಗಡಿನ ಶೀಟ್ ಮೇಲೆ ಮಳೆ ಬಿದ್ರೆ ಕಿರುಚಿದ್ರೂ ಕೇಳಲ್ಲ, ಪಾಠ ಬಂದ್, ಎಲ್ರೂ ಸುಮ್ನೆ ಕೂತು ಮಳೆ ನೋಡೋದು. ಮಗ್ಗಿ ಮಾತ್ರ ಹಿಟ್ ಆಯ್ತು ಕಣ್ರೀ, "ಎರಡೊಂದ್ಲ ಎರಡು" ರಾಗದಲ್ಲೇ ಸ್ವಾಹಿಲಿ ಅಂಕಿ ಕೂರಿಸಿ ಹೇಳ್ಕೊಟ್ಟೆ, ಮಾರನೇ ದಿನ ನೋಡಿದ್ರೆ ಬೆಳಗ್ಗೆ ಅಂಗಳ ಗುಡಿಸ್ತಾನೂ ಅದೇ.

ಇಂಗ್ಲಿಷ್ ಕಷ್ಟ. ಸ್ವಾಹಿಲೀನೂ ನಮ್ ಥರಾನೇ, ಬರೆದಿದ್ದನ್ನೇ ಓದೋ ಭಾಷೆ, ಪದದ ಕೊನೇಲಿ ಸ್ವರ ಬರ್ಲೇಬೇಕು. ನಮಗೆ ಬಸ್ಸು, ಅವ್ರಿಗೆ ಬಾಸಿ. ನಮಗೆ ಬ್ಯಾಂಕು, ಅವ್ರಿಗೆ ಬೆಂಕಿ! ಪೇಟೇಲಿ ಆ ಪದ ಮೊದ್ಲ ಸಲ ಕೇಳಿದಾಗ ನಾನು ಹೊಗೆ ಹುಡುಕಿದ್ದೆ. ಟೇಬಲ್ ಅಂತ ಬರೆದ್ರೆ "ಟಾಬ್ಲೆ" ಅಂತ ಓದೋರು, ತಪ್ಪು ಅವ್ರದ್ದಾ ಸ್ಪೆಲ್ಲಿಂಗ್‌ದಾ ಹೇಳಿ.

ಊಟ ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಮ್ಚಿಚಾ ಅಂತ ಸೊಪ್ಪು, ನೋಡಿದ್ರೆ ನಮ್ ದಂಟಿನ ಸೊಪ್ಪೇ. ತುಮಕೂರಿನವನು ನಾನು, ಅಗಿಯದೆ ಗುಳುಂ ಅಂತ ನುಂಗಿದ್ದು ನೋಡಿ ನಾನು ಉಳ್ಕೊಂಡಿದ್ದ ಮನೆಯವರೆಲ್ಲ ಊಟ ನಿಲ್ಸಿ ಗಾಬರಿಯಾಗಿ ನನ್ನೇ ನೋಡ್ತಿದ್ರು.

ಆ ಮನೆ ಹುಡುಗಿ ಸೆಕೆಂಡರೀಲಿ ಫಾರ್ಮ್ ಟೂ, ಅಂದ್ರೆ ನಮ್ ಒಂಬತ್ತನೇ ಕ್ಲಾಸ್ ಲೆಕ್ಕ. ಅಲ್ಲಿ ಸರ್ಕಾರಿ ಶಾಲೇಲಿ ಏಳನೇ ಕ್ಲಾಸ್‌ವರೆಗೆ ಎಲ್ಲಾ ಸ್ವಾಹಿಲಿ, ಸೆಕೆಂಡರಿಗೆ ಕಾಲಿಟ್ಟ ಕೂಡ್ಲೇ ವಿಜ್ಞಾನ, ಗಣಿತ ಎಲ್ಲಾ ಇಂಗ್ಲಿಷು. 2016ರಿಂದ ಸೆಕೆಂಡರೀಲೂ ಫೀಸ್ ಇಲ್ಲ, ಸರಿ, ಆದ್ರೆ ಈ ಗೋಡೆ ಹಾಗೇ ಇದೆ. ಹತ್ತರವರೆಗೆ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸ್‌ಗೆ ಹೋದೋರಿಗೆ ನಾನೇನು ಬಿಡ್ಸಿ ಹೇಳ್ಬೇಕಿಲ್ಲ. ವಾರಕ್ಕೆ ನಾಲ್ಕು ಪೀರಿಯಡ್ ಇಂಗ್ಲಿಷ್ ಮಾಡಿ ಮೂರು ತಿಂಗಳಿಗೆ ಗಂಟುಮೂಟೆ ಕಟ್ಟೋ ನನ್ನಿಂದ ಆ ಗೋಡೇಲಿ ಒಂದು ಇಟ್ಟಿಗೇನೂ ಅಲ್ಲಾಡಲ್ಲ ಅಂತ ಎರಡನೇ ವಾರಕ್ಕೇ ಗೊತ್ತಾಗಿತ್ತು.

ಹೊರಡೋಕೆ ಮುಂಚಿನ ವಾರ, ರಾತ್ರಿ ಸೋಲಾರ್ ಲ್ಯಾಂಪ್ ಮುಂದೆ ಅವಳು ಬಯಾಲಜಿ ದಫ್ತಾರಿ (ನೋಟ್‌ಬುಕ್ಕಿಗೆ ಅವ್ರ ಪದ, ನಮ್ ದಫ್ತರದ ನೆಂಟ) ಇಟ್ಕೊಂಡು ಫೋಟೋಸಿಂಥೆಸಿಸ್ ಅಂತ ಹತ್ತು ಸಲ ಬಾಯಿಪಾಠ ಹೊಡೀತಿದ್ಲು. ಸ್ವಾಹಿಲಿಯಲ್ಲಿ ಏನಂತಾರೆ ಅಂದೆ. "ಉಸಾನಿಸಿನೂರು." ಬಿಡ್ಸಿ ಹೇಳು ಅಂದ್ರೆ, ನೂರು ಅಂದ್ರೆ ಬೆಳಕು, ಉಸಾನಿಸಿ ಅಂದ್ರೆ ಕೂಡ್ಸಿ ಮಾಡೋದು. ನಾನು ಪೆನ್ ಇಸ್ಕೊಂಡು ದ್ಯುತಿಸಂಶ್ಲೇಷಣೆ ಅಂತ ಕನ್ನಡದಲ್ಲಿ ಬರೆದೆ, ದ್ಯುತಿ ಕೆಳಗೆ ಒಂದು ಗೆರೆ, ನೂರು ಕೆಳಗೆ ಒಂದು ಗೆರೆ, ಫೋಟೋ ಕೆಳಗೆ ಒಂದು ಗೆರೆ. ಸ್ವಲ್ಪ ಹೊತ್ತು ನೋಡಿ ತಲೆ ಆಡಿಸಿದ್ಲು. ಆಮೇಲೆ ನನ್ ಪದ ಓದಿ ಹೇಳಿ ಅಂದ್ಲು, ಹೇಳ್ದೆ, ಅವಳೂ ಟ್ರೈ ಮಾಡಿದ್ಲು, ಸಂಶ್ಲೇ ಹತ್ರ ನಾಲಿಗೆ ಸಿಕ್ಕಾಕ್ಕೊಂಡು ಬಿದ್ದು ಬಿದ್ದು ನಕ್ಕು, ಇದಕ್ಕಿಂತ ಇಂಗ್ಲಿಷೇ ವಾಸಿ ಮ್ವಾಲಿಮು ಅಂದ್ಲು.