ನೇರಳೆಯಾದ ನೀಲಿ ಲೋಗೋ

ಗೆಳತಿಯೊಬ್ಬಳು ತನ್ನ ಸಂಸ್ಥೆಯ ವಾರ್ಷಿಕ ವರದಿಯ ಪಿಡಿಎಫ್ ಕಳಿಸಿದ್ದಳು. ಜೊತೆಗೆ ಒಂದು ಮೆಸೇಜು: "ಲೋಗೋ ನೀಲಿ ಇತ್ತು ಕಣೋ, ಪ್ರೆಸ್ಸಿಗೆ ಅಂತ ಕನ್ವರ್ಟ್ ಮಾಡಿದ್ಮೇಲೆ ನೇರಳೆ ಆಗಿದೆ. ಫೋಟೋಗಳೂ ಸಪ್ಪೆ. ಸ್ವಲ್ಪ ನೋಡ್ತೀಯಾ?"

ನೋಡಿದೆ. ಒಂದೇ ಕಾಯಿಲೆ ಅಲ್ಲ, ಮೂರು ಇದ್ದವು.

ಫೋಟೋಗಳದ್ದು ಸುಲಭ. ಅವು ಅಡೋಬಿ ಆರ್‌ಜಿಬಿಯಲ್ಲಿ, ಅಂದರೆ ಹೆಚ್ಚು ಬಣ್ಣ ಹಿಡಿಸುವ ಒಂದು ಅಳತೆಯಲ್ಲಿ ತೆಗೆದವು. ಯಾರೋ ಫೈಲ್ ಸೈಜ್ ಇಳಿಸುವಾಗ ಬಣ್ಣದ ಪ್ರೊಫೈಲ್, ಅಂದರೆ ಫೈಲಿನ ಅಂಕಿಗಳನ್ನು ಯಾವ ಬಣ್ಣವಾಗಿ ಓದಬೇಕು ಅಂತ ಹೇಳುವ ಚೀಟಿ, ಕಿತ್ತುಹೋಗಿತ್ತು. ಪ್ರೊಫೈಲ್ ಇಲ್ಲದ ಚಿತ್ರವನ್ನು ಹೆಚ್ಚಿನ ಸಾಫ್ಟ್‌ವೇರ್‌ಗಳು ಎಸ್‌ಆರ್‌ಜಿಬಿ (ಸ್ಕ್ರೀನುಗಳ ಸಾಮಾನ್ಯ ಅಳತೆ) ಅಂತಲೇ ಓದುತ್ತವೆ. ಅದಕ್ಕೇ ಹಸಿರು, ಕೆಂಪು ಎಲ್ಲ ಮಂಕು. ಇಲ್ಲಿ 'ಕನ್ವರ್ಟ್' ಒತ್ತಿದರೆ ಆ ಮಂಕು ಬಣ್ಣವೇ ಕಾಯಂ. ಮೊದಲು 'ಅಸೈನ್' ಮಾಡಿ ಸರಿಯಾದ ಪ್ರೊಫೈಲ್ ತೊಡಿಸಬೇಕು. ಆಗ ಅಂಕಿಗಳು ಬದಲಾಗುವುದಿಲ್ಲ, ಅವನ್ನು ಓದುವ ರೀತಿ ಬದಲಾಗುತ್ತದೆ. ಕನ್ವರ್ಟ್ ಮಾಡುವುದು ಆಮೇಲೆ.

ಅಕ್ಷರಗಳ ಕಪ್ಪು ನೋಡಿದಾಗ ಮಾತ್ರ ನಿಜಕ್ಕೂ ಗಾಬರಿಯಾಯಿತು. ಸಣ್ಣ ಅಕ್ಷರದ ಮೇಲೆ ಮೌಸ್ ಇಟ್ಟರೆ ಪ್ರೆಸ್ಸಿನ ನಾಲ್ಕೂ ಶಾಯಿ ಇದ್ದವು: ಸಯಾನ್ (ತಿಳಿನೀಲಿ) 75, ಮಜೆಂಟಾ (ಗುಲಾಬಿಗೆಂಪು) 68, ಹಳದಿ 67, ಕಪ್ಪು 90! ಒಟ್ಟು 300 ಪರ್ಸೆಂಟ್ ಶಾಯಿ, ಅದೂ ಅಡಿಟಿಪ್ಪಣಿಗೆ. ಶಾಯಿಗೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ. ಅಷ್ಟನ್ನೂ ಬರೀ ಕಪ್ಪು 100ಕ್ಕೆ ತಂದೆ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ಇನ್ನು ಲೋಗೋ. ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ, ಅದು 0, 0, 255. ಅಷ್ಟು ಉರಿಯುವ ನೀಲಿ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಸಾಫ್ಟ್‌ವೇರ್ ತನಗೆ ತೋಚಿದಂತೆ ಸಯಾನ್ ಜೊತೆ ಮಜೆಂಟಾ ಸುರಿದಿತ್ತು. ಎರಡೂ ಹತ್ತಿರ ಹತ್ತಿರ ಬಂದರೆ ನೇರಳೆಯೇ ಗತಿ. ಸಯಾನ್ 100 ಇಟ್ಟು ಮಜೆಂಟಾವನ್ನು 60ಕ್ಕೆ ಇಳಿಸಿದೆ. ಹೊಳಪು ಹೋಯಿತು, ನೀಲಿ ಉಳಿಯಿತು. ಎರಡೂ ಬೇಕು ಅಂದರೆ ಆಗಲ್ಲ. ಹೊಳಪನ್ನೇ ಬಿಟ್ಟುಕೊಡುವುದು ವಾಸಿ ಅಂತ ನನ್ನ ಲೆಕ್ಕ. ಯಾಕೆಂದರೆ ಲೋಗೋ ಸ್ವಲ್ಪ ಮಂಕಾದರೆ ಯಾರೂ ಕೇಳುವುದಿಲ್ಲ, ಬಣ್ಣವೇ ಬೇರೆಯಾದರೆ ಎಲ್ಲರೂ ಕೇಳುತ್ತಾರೆ. ವೆಬ್‌ಸೈಟಿಗೆ ಹಾಕುವ ಪಿಡಿಎಫ್ ಮಾತ್ರ ಎಸ್‌ಆರ್‌ಜಿಬಿಯಲ್ಲೇ, ಪ್ರೊಫೈಲ್ ಸಮೇತ ಬೇರೆ ಮಾಡಿಕೊಟ್ಟೆ.

ಪ್ರೂಫ್ ಬಂದ ದಿನ ಅವಳು ಅದನ್ನು ಫೋನಿನ ಪಕ್ಕ ಹಿಡಿದು, "ಇನ್ನೂ ಡಲ್ ಅಲ್ವಾ?" ಅಂದಳು. ಸ್ಕ್ರೀನಿಗೆ ತನ್ನದೇ ಬೆಳಕಿದೆ, ಕಾಗದಕ್ಕಿಲ್ಲ. ಬ್ರೈಟ್‌ನೆಸ್ ಇಳಿಸಿ, ಕಿಟಕಿ ಹತ್ತಿರ ಹೋಗಿ ನೋಡು ಅಂದೆ. ನೋಡಿ ಒಪ್ಪಿದಳು. ಆದರೂ ಮುಖಪುಟಕ್ಕಾದರೂ ಸ್ಪಾಟ್ ಕಲರ್ ಹಾಕಿಸೋಣ್ವಾ ಅಂತ ಕೇಳಿದಳು. ಅದು ಆ ಬಣ್ಣಕ್ಕೆಂದೇ ಬೇರೆ ಕಲಸಿದ ಶಾಯಿ. ಐದನೇ ಶಾಯಿ ಅಂದರೆ ಖರ್ಚೂ ಜಾಸ್ತಿ. ಅದನ್ನು ಅವರ ಕಮಿಟಿಯೇ ತೀರ್ಮಾನಿಸಲಿ ಅಂದೆ.