ಹಗ್ಗ ಕಟ್ಟಿದ ಏಳು ಬಾಗಿಲು

2027ರ ಫೆಬ್ರುವರಿಯಲ್ಲಿ ಮತ್ತೆ ಜನಗಣತಿ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಗೊಣಗಿದರು. ನನಗೆ ನೆನಪಾದದ್ದು ಕೊಡಗಿನ ತಿತಿಮತಿ ಕಡೆಯ ಒಂದು ಹಾಡಿಯ, ಅಂದರೆ ಆದಿವಾಸಿಗಳ ವಸತಿಯ, ಏಳು ತಟ್ಟಿ ಬಾಗಿಲು.

2011ರ ಗಣತಿ ಫೆಬ್ರುವರಿ 9ರಿಂದ 28ರವರೆಗೆ. ಅದು ಇಲ್ಲಿ ರೋಬಸ್ಟಾ ಕಾಫಿ ಕೊಯ್ಲಿನ ಕಾಲ ಅಂತ ದೆಹಲಿಯವರಿಗೆ ಯಾರು ಹೇಳಬೇಕು? ಎಣಿಸೋಕೆ ನನಗೆ ಕೊಟ್ಟಿದ್ದ ಬ್ಲಾಕಿನಲ್ಲಿ ಜೇನುಕುರುಬರು, ಎರವರು. ನನಗೆ ಭಯ ಇದ್ದದ್ದು ಜಾತಿ ಕಾಲಂ ಬಗ್ಗೆ. 'ಜೇನುಕುರುಬ' ಅಂತ ಪೂರ್ತಿ ಬರೆಯದೆ ಬರೀ 'ಕುರುಬ' ಅಂದರೆ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅದು ಬೇರೆಯೇ. ವಯಸ್ಸಿನದ್ದು ಇನ್ನೊಂದು ಪೇಚಾಟ. 'ಕಾಡಿಂದ ಎಬ್ಬಿಸ್ದಾಗ ದೊಡ್ಡ ಮಗ ಇನ್ನೂ ಹಾಲು ಕುಡೀತಿದ್ದ' ಅಂದರು ಒಬ್ಬ ಅಜ್ಜಿ. ಮಗನ ವಯಸ್ಸು ಹಿಡಿದು ಅಜ್ಜಿಯದ್ದು ಮುಟ್ಟೋಕೆ ಅರ್ಧ ಗಂಟೆ ಬೇಕಾಯಿತು.

ನಾನು ಎಡವಿದ್ದು ಇವೆರಡರಲ್ಲೂ ಅಲ್ಲ. ಏಳು ಮನೆಗೆ ಎರಡು ಸಲ ಹೋದೆ, ಎರಡೂ ಸಲ ಬುಧವಾರ, ಶಾಲೆ ಬಿಟ್ಟ ಮೇಲೆ. ಬಾಗಿಲಿಗೆ ಹಗ್ಗ ಕಟ್ಟಿತ್ತು. ನಾನು 'ಬೀಗ' ಅಂತ ಬರೆದುಕೊಂಡೆ. ತೋಟಕ್ಕೆ ಹೋಗಿದ್ದಾರೆ ಅಂದರು ಪಕ್ಕದವರು. ಒಂದು ಅಂಗಳದಲ್ಲಿ ನಾಯಿ ಕಟ್ಟಿತ್ತು, ಅದರ ಮುಂದಿನ ಗೆರಟೆಯಲ್ಲಿ ಅನ್ನ. ನೋಡಿಯೂ ಸುಮ್ಮನಾದೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದರೆ ಆ ಬ್ಲಾಕಿನವರು ಬರೆದುಕೊಳ್ಳುತ್ತಾರೆ ಬಿಡು ಅಂದುಕೊಂಡೆ.

28ರ ರಾತ್ರಿ ಮನೆಯಿಲ್ಲದವರ ಎಣಿಕೆ. ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ಒಬ್ಬರನ್ನು ಟಾರ್ಚ್ ಹಿಡಿದು 'ಎಷ್ಟನೇ ಕ್ಲಾಸ್ ಓದಿದ್ದೀರಿ' ಅಂತ ಕೇಳುತ್ತಿದ್ದೆ. ಆಗ ಎಸ್ಟೇಟ್ ಬ್ಲಾಕಿನ ಸಹೋದ್ಯೋಗಿ ಅಂದರು: 'ನಿಮ್ಮ ಹಾಡಿಯವರು ನಮ್ಮ ಲೈನಲ್ಲಿದ್ರು ಮೇಡಂ. ನೀವು ಬರ್ಕೊಂಡಿರ್ತೀರಿ ಅಂತ ಬಿಟ್ಟೆ.'

ಹೊಟ್ಟೆ ಕಲಸಿತು. ನಾನೂ ಬಿಟ್ಟಿದ್ದೆ, ಅವರೂ ಬಿಟ್ಟಿದ್ದರು.

ಬಿಟ್ಟುಹೋದವರನ್ನು ಸೇರಿಸುವ ರಿವಿಜನ್ ರೌಂಡ್ ಮಾರ್ಚ್ 1ರಿಂದ 5. ಮೊದಲ ದಿನವೇ ತೋಟಕ್ಕೆ ಓಡಿದೆ. ಗೇಟಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಕೂಲಿ ಹಾಜರಿಯ ಚೆಕ್‌ರೋಲ್ ಕೊಟ್ಟು, 'ಇದರಲ್ಲಿದೆ, ಬರ್ಕೊಂಡು ಹೋಗಿ ಟೀಚರ್' ಅಂದರು. ಹದಿನೇಳು ಹೆಸರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬರೆದುಕೊಂಡೇಬಿಟ್ಟೆ. ಸ್ಕೂಟರ್ ಸ್ಟಾರ್ಟ್ ಮಾಡುವಾಗ ಹಣ್ಣಿನ ಮೂಟೆಯ ಹಿಂದಿನಿಂದ ನನ್ನದೇ ಎರಡನೇ ಕ್ಲಾಸಿನ ಹುಡುಗಿ ಇಣುಕಿದಳು. ಚೆಕ್‌ರೋಲಿನಲ್ಲಿ ಕೂಲಿಯವರು ಮಾತ್ರ ಇರುತ್ತಾರೆ ತಾನೇ!

ಸಂಜೆ ತೂಕದ ಹೊತ್ತಿಗೆ ಎಲ್ಲರೂ ಸೇರುತ್ತಾರೆ ಅಂತ ಕಾದೆ. ಮಕ್ಕಳು ಎಂಟು, ಮುದುಕರೊಬ್ಬರು, ಒಟ್ಟು 26. ಈ ತಿಂಗಳು ಹಾಡಿಗೆ ಹೋಗಿಯೇ ಇಲ್ವಾ ಅಂತ ಕೇಳಿದರೆ, 'ಸಂತೆ ದಿನ ಹೋಗಿ ಮಲಗಿ ಬರ್ತೀವಲ್ಲ ಟೀಚರ್, ನಾಯಿಗೆ ಯಾರು ಹಾಕ್ತಾರೆ?' ಅಂದಳು ಒಬ್ಬಳು. ಆ ಇಪ್ಪತ್ತು ದಿನದಲ್ಲಿ ಮನೆಗೆ ಬಂದಿದ್ದರೆ ಸಾಕು, ಅವರು ನನ್ನ ಬ್ಲಾಕಿನವರೇ. ಗೆರಟೆಯ ಅನ್ನ ಅದನ್ನೇ ಹೇಳಿತ್ತು. ಕಾಫಿ ಹಣ್ಣಿನ ಅಂಟು ಕೈಗಳ ನಡುವೆ, ಮೂಟೆ ಮೇಲೆ ಗಣತಿ ಫಾರಂ ಇಟ್ಟು, ಕೊಳೆಯಾಗದಂತೆ ಸೆರಗು ಹಾಸಿ ತುಂಬಿದೆ.

ಮೇಲ್ವಿಚಾರಕರಿಗೆ ಸಿಟ್ಟು: 'ಟೋಟಲ್ ಕೊಟ್ಟಾಯ್ತು, ಈಗ 26 ಎಲ್ಲಿಂದ ತಂದ್ರಿ?' ಆಮೇಲೆ ಜಿಲ್ಲೆಯ ಲೆಕ್ಕ 5,54,519 ಅಂತ ಬಂತು. 2001ರಲ್ಲಿ 5,48,561 ಇತ್ತು. ಹತ್ತು ವರ್ಷಕ್ಕೆ ಆರು ಸಾವಿರವೂ ಹೆಚ್ಚಿಲ್ಲ. ಅದರಲ್ಲಿ ಇಪ್ಪತ್ತಾರು ಏನು ಕಡಿಮೆಯೇ?

ಈ ಸಲ ಆ್ಯಪ್ ಅಂತೆ. ಹಾಡಿಯಲ್ಲಿ ಸಿಗ್ನಲ್ ಬೇಕಾದರೆ ಆನೆ ಕಂದಕದ ಹತ್ತಿರ ಹೋಗಿ ನಿಲ್ಲಬೇಕು. ಫೆಬ್ರುವರಿಯಲ್ಲಿ ಸಂತೆ ದಿನ ನನಗೆ ಬೇರೆ ಡ್ಯೂಟಿ ಹಾಕಬೇಡಿ ಅಂತ ಹೆಡ್‌ಮಾಸ್ಟರಿಗೆ ಈಗಲೇ ಹೇಳಿಟ್ಟಿದ್ದೇನೆ. 'ಅದಕ್ಕಿನ್ನೂ ಟೈಮಿದೆ ಮೇಡಂ' ಅಂದರು.